ಹಿರಿಯ ಆಟಗಾರನೂ ಹೊಸ ತಂಡವೂ

ಅನುಭವ ದೊಡ್ಡದೋ, ಯೌವನ ದೊಡ್ಡದೋ ಎಂಬುದು ಚರ್ಚಾಕೂಟಗಳಲ್ಲಿ ಸವೆದುಹೋದ ಪ್ರಶ್ನೆ. ಅದಕ್ಕೆ ಬರಿಯ ಮಾತಿನಲ್ಲಿ ಉತ್ತರ ಹುಡುಕುವುದಕ್ಕಿಂತ ಆಟದ ಬಯಲಿನಲ್ಲಿ ಹುಡುಕುವುದು ಲೇಸೆಂದು ನನ್ನ ಭಾವನೆ. ಆಟದಲ್ಲಿ ಸೋಲು ಗೆಲುವುಗಳಿಗೆ ಲೆಕ್ಕವಿರುತ್ತದೆ. ವಾಗ್ವೈಖರಿಯಿಂದ ಅದನ್ನು ತಿದ್ದಲಾಗದು. ಆದುದರಿಂದ ನಮ್ಮ ಹಾಸ್ಟೆಲಿನಲ್ಲಿ ಊಟವಾದ ಮೇಲೆ ಹಲವು ರಾತ್ರಿ ನಡೆದ ವಾದವೊಂದನ್ನು ಓದುಗರ ಮುಂದಿಡುತ್ತೇನೆ. ಅಮೆರಿಕದ ಫುಟ್‌ಬಾಲಿನಲ್ಲಿ ವಯಸ್ಸಾದ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಕರೆತಂದರೆ ಹೊಸ ತಂಡ ಉದ್ಧಾರವಾಗುವುದೆ?

ಅದು ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಪಕ್ಷಕ್ಕೆ ಹನ್ನೊಂದು ಮಂದಿ. ಚೆಂಡು ಹೆಚ್ಚಾಗಿ ಸಾಗುವುದು ಕೈಯಿಂದ ಕೈಗೆ. ಆಕ್ರಮಣ ಮಾಡುವ ಪಕ್ಷದಲ್ಲಿ ಚೆಂಡು ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್ ಎಂಬವನನ್ನು. ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ, ಎರಡು ಮೂರು ಸೆಕೆಂಡುಗಳಲ್ಲಿ, ಅದನ್ನು ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ತೋಳಿನ ಬಲ ವಯಸ್ಸಿನೊಡನೆ ಇಳಿಯುತ್ತದೆ. ಎದುರಾಳಿಯ ವ್ಯೂಹವನ್ನು ಓದುವ ಕಣ್ಣು ವಯಸ್ಸಿನೊಡನೆ ಹರಿತವಾಗುತ್ತದೆ. ವಿವಾದ ಹುಟ್ಟುವುದು ಇಲ್ಲಿಯೇ.

ಹಿರಿಯರ ಪರವಾಗಿ ವಾದಿಸುವವರಿಗೆ ಟಾಮ್ ಬ್ರೇಡಿಯ ಹೆಸರೊಂದೇ ಸಾಕು. ನ್ಯೂ ಇಂಗ್ಲೆಂಡ್ ತಂಡದಲ್ಲಿ 20 ವರ್ಷ ಇದ್ದು, 6 ಸಲ ಸೂಪರ್ ಬೌಲ್ ಗೆದ್ದ ಆತ 2020ರ ಮಾರ್ಚಿಯಲ್ಲಿ, 42ನೆಯ ವಯಸ್ಸಿನಲ್ಲಿ, ಟಾಂಪಾ ಬೇ ತಂಡವನ್ನು ಸೇರಿದ. ಹಿಂದಿನ ವರ್ಷ 16 ಆಟಗಳಲ್ಲಿ 7ನ್ನು ಮಾತ್ರ ಗೆದ್ದಿದ್ದ ತಂಡ ಅದು. ಬ್ರೇಡಿ ಬಂದ ವರ್ಷವೇ 11 ಆಟಗಳನ್ನು ಗೆದ್ದು, 2021ರ ಫೆಬ್ರವರಿ 7ರಂದು ಕ್ಯಾನ್ಸಸ್ ಸಿಟಿಯನ್ನು 31-9ರಿಂದ ಮಣಿಸಿ ಪ್ರಶಸ್ತಿಯನ್ನೇ ತಂದಿತು. ಆತ ಬಿಟ್ಟುಬಂದ ತಂಡವಾದರೋ ಆ ವರ್ಷ 7 ಗೆಲುವಿಗೆ ಇಳಿಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ಮಿತ್ರರು ಮೇಜು ಕುಟ್ಟುತ್ತಾರೆ.

ಸಾಕ್ಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಪೂರ್ತಿ ಓದಬೇಕೆನ್ನುತ್ತೇನೆ. 2019ರಲ್ಲಿ ಟಾಂಪಾ ಬೇ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೇಮಿಸ್ ವಿನ್‌ಸ್ಟನ್ ತನ್ನ ಎಸೆತಗಳಿಂದ 33 ಟಚ್‌ಡೌನುಗಳನ್ನು ದೊರಕಿಸಿದ್ದ. ಅದರ ಜೊತೆಗೆ 30 ಸಲ ಚೆಂಡನ್ನು ಎದುರಾಳಿಗಳ ಕೈಗೇ ಎಸೆದಿದ್ದ. ಮರುವರ್ಷ ಬ್ರೇಡಿಯ ಲೆಕ್ಕ 40 ಟಚ್‌ಡೌನು, 12 ತಪ್ಪೆಸೆತ. ಎಸೆದ ಚೆಂಡನ್ನು ಹಿಡಿಯಬಲ್ಲ ಮೈಕ್ ಎವನ್ಸ್, ಕ್ರಿಸ್ ಗಾಡ್‌ವಿನ್ ಮೊದಲೇ ಅಲ್ಲಿದ್ದರು. ರಕ್ಷಣಾ ಪಂಕ್ತಿಯೂ ಬಲವಾಗಿತ್ತು. ಅಂತಿಮ ಪಂದ್ಯದಲ್ಲಿ ಅದು ಎದುರಾಳಿಗೆ ಒಂದು ಟಚ್‌ಡೌನನ್ನೂ ಬಿಟ್ಟುಕೊಡಲಿಲ್ಲ. ಎಂದರೆ ಮನೆ ಕಟ್ಟಿ ಮುಗಿದಿತ್ತು. ಬ್ರೇಡಿ ಬಂದು ಕಳಶವಿಟ್ಟ. ಕಳಶವಿಟ್ಟವನನ್ನು ಹೊಗಳೋಣ, ಗೋಡೆ ಎತ್ತಿದವರನ್ನು ಮರೆಯಬಾರದು.

ಪೇಟನ್ ಮ್ಯಾನಿಂಗನ ಕಥೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ 2011ರ ವರ್ಷವಿಡೀ ಆಡದಿದ್ದ ಆತ, 2012ರಲ್ಲಿ ತನ್ನ 36ನೆಯ ವಯಸ್ಸಿನಲ್ಲಿ ಡೆನ್ವರ್ ತಂಡಕ್ಕೆ ಬಂದ. 2013ರಲ್ಲಿ 55 ಟಚ್‌ಡೌನು ಎಸೆದು ದಾಖಲೆ ನಿರ್ಮಿಸಿದ. ಆದರೂ ಆ ಸಾಲಿನ ಅಂತಿಮ ಪಂದ್ಯದಲ್ಲಿ ಸಿಯಾಟಲ್ ತಂಡ ಡೆನ್ವರನ್ನು 43-8ರಿಂದ ನೆಲಕ್ಕೆ ಕೆಡವಿತು. ಕೊನೆಯ ವರ್ಷವಾದ 2015ರಲ್ಲಿ ಅವನ ಟಚ್‌ಡೌನು ಕೇವಲ 9, ತಪ್ಪೆಸೆತ 17. ತೋಳು ಸೋತಿತ್ತು. ಆದರೆ 2016ರ ಫೆಬ್ರವರಿಯಲ್ಲಿ ಡೆನ್ವರ್ ಪ್ರಶಸ್ತಿಯನ್ನು ಗೆದ್ದಿತು; ಆ ದಿನದ ಶ್ರೇಷ್ಠ ಆಟಗಾರನೆನಿಸಿದವನು ರಕ್ಷಣಾ ಪಂಕ್ತಿಯ ವಾನ್ ಮಿಲ್ಲರ್. ಒಂದು ವರ್ಷ ಮುದುಕ ತಂಡವನ್ನು ಹೊತ್ತ. ಮತ್ತೊಂದು ವರ್ಷ ತಂಡ ಮುದುಕನನ್ನು ಹೊತ್ತಿತು. ಪ್ರಶಸ್ತಿ ಬಂದದ್ದು ಎರಡನೆಯ ಸಲ!

ಇನ್ನು ನಾಣ್ಯದ ಮತ್ತೊಂದು ಮುಖ. ಬಾಲ್ಟಿಮೋರಿನ ಕಣ್ಮಣಿಯಾಗಿದ್ದ ಜಾನಿ ಯೂನಿಟಸ್ 1973ರಲ್ಲಿ, 40ನೆಯ ವಯಸ್ಸಿನಲ್ಲಿ, ಸ್ಯಾನ್ ಡಿಯಾಗೊ ತಂಡಕ್ಕೆ ಹೋದ. ಆ ವರ್ಷ ತಂಡ 14 ಆಟಗಳಲ್ಲಿ ಗೆದ್ದದ್ದು ಎರಡನ್ನೇ. ಅದಕ್ಕೆ ಐವತ್ತು ವರ್ಷಗಳ ಬಳಿಕ, 2023ರಲ್ಲಿ, ನ್ಯೂಯಾರ್ಕ್ ಜೆಟ್ಸ್ ತಂಡ 39 ವರ್ಷದ ಆರನ್ ರಾಜರ್ಸ್‌ನನ್ನು ತಂದಿತು. ಸೆಪ್ಟೆಂಬರ್ 11ರ ಮೊದಲ ಪಂದ್ಯದಲ್ಲಿ, ನಾಲ್ಕನೆಯ ಸುತ್ತಿಗೇ ಹಿಮ್ಮಡಿಯ ನರ ಹರಿದು ಆತ ಹೊರನಡೆದ. ಅದು ದುರದೃಷ್ಟವೆನ್ನೋಣ. ಮರುವರ್ಷ 17 ಆಟಗಳಲ್ಲಿಯೂ ಆಡಿದ. ತಂಡ ಗೆದ್ದದ್ದು 5. ನಡುವರ್ಷದಲ್ಲಿಯೇ ತರಬೇತುದಾರನನ್ನು ಮನೆಗೆ ಕಳುಹಿಸಿದರು. ‘ಆನೆ ಬದುಕಿದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ಗಾದೆ ನಮ್ಮಲ್ಲಿದೆ. ಅದು ದಂತದ ಬೆಲೆಗೆ ಸರಿ. ದಿಮ್ಮಿ ಎಳೆಸುವ ಕೆಲಸಕ್ಕೆ ಆ ಗಾದೆಯನ್ನು ನಂಬಿದವನು ಕೆಟ್ಟ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹಿರಿಯರ ಅನುಭವಕ್ಕೆ ಬೆಲೆ ಕೊಡುವುದು ನನಗೆ ಪುಸ್ತಕದಿಂದ ಬಂದ ಪಾಠವಲ್ಲ. ಮೋಡದ ಬಣ್ಣ ನೋಡಿ ಬಿತ್ತನೆಯ ದಿನವನ್ನು ನಿಶ್ಚಯಿಸುವುದು ನಮ್ಮ ತಂದೆಯವರಿಗೆ ಗೊತ್ತು. ನನ್ನ ಯಾವ ಪುಸ್ತಕವೂ ಅದನ್ನು ಕಲಿಸಿಲ್ಲ. ಆದರೆ ಉಳದ, ಗೊಬ್ಬರ ಕಾಣದ ಹೊಲಕ್ಕೆ ಅವರನ್ನು ಕರೆದೊಯ್ದು ‘ಬೆಳೆ ತೆಗೆಯಿರಿ’ ಎಂದರೆ ಆ ಅನುಭವ ಏನು ಮಾಡೀತು? ಹದವಾದ ನೆಲಕ್ಕೆ ಮಾತ್ರ ಅನುಭವದ ಬೀಜ. ಟಾಂಪಾ ಬೇಯಲ್ಲಿ ಫಲಿಸಿದ್ದು ನ್ಯೂಯಾರ್ಕಿನಲ್ಲಿ ಫಲಿಸದೆ ಹೋದುದರ ಗುಟ್ಟು ಇದೇ ಎಂದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ವಿದ್ಯಾರ್ಥಿಗಳಾದ ನಮಗೆ ಹತ್ತಿರವಾದ ಇನ್ನೊಂದು ಅಂಶವುಂಟು. ಆ ದೇಶದಲ್ಲಿ ಹೊಸ ಆಟಗಾರರು ಬರುವುದು ಬಹುಮಟ್ಟಿಗೆ ಕಾಲೇಜುಗಳಿಂದ. ಪ್ರತಿ ವರ್ಷವೂ ತಂಡಗಳು ಸರದಿಯ ಮೇಲೆ ಅವರನ್ನು ಆರಿಸಿಕೊಳ್ಳುತ್ತವೆ. ರಾಜರ್ಸ್‌ನನ್ನು ಪಡೆಯಲು ಜೆಟ್ಸ್ ಆ ಆಯ್ಕೆಯ ಹಕ್ಕುಗಳಲ್ಲಿ ಕೆಲವನ್ನು ತೆರಬೇಕಾಯಿತು. ಬ್ರೇಡಿಗಾಗಿ ಟಾಂಪಾ ಬೇ ಒಂದನ್ನೂ ತೆರಲಿಲ್ಲ. ಹಿರಿಯನಿಗಾಗಿ ಕೊಟ್ಟ ಹಕ್ಕು ಮುಂದೆ ಬರಬೇಕಾಗಿದ್ದ ಕಿರಿಯನೊಬ್ಬನ ಸ್ಥಳವೆಂಬುದನ್ನು ಲೆಕ್ಕ ಹಾಕುವವರು ಎಷ್ಟು ಮಂದಿ?

ಹಾಗೆಂದು ಹಿರಿಯ ಇದ್ದೆಡೆ ಕಿರಿಯ ಬಾಡಿಯೇಬಾಡುವನೆಂದಲ್ಲ. ಇದೇ ರಾಜರ್ಸ್ ಗ್ರೀನ್ ಬೇ ತಂಡದಲ್ಲಿ ಬ್ರೆಟ್ ಫಾವ್ರನ ಹಿಂದೆ ಮೂರು ವರ್ಷ ಕಾದು ಕುಳಿತಿದ್ದ. 2008ರಲ್ಲಿ ಫಾವ್ರ ಜೆಟ್ಸ್ ತಂಡಕ್ಕೆ ಹೋದಾಗ ಅವನಿಗೆ ಸ್ಥಳ ದೊರೆಯಿತು; 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ. ರಾಜರ್ಸ್‌ನ ಹಿಂದೆಯೂ ಜಾರ್ಡನ್ ಲವ್ ಎಂಬವನು ಮೂರು ವರ್ಷ ಕಾದಿದ್ದ. ಸ್ಯಾನ್ ಡಿಯಾಗೊದಲ್ಲಿ ಯೂನಿಟಸನ ಸ್ಥಳಕ್ಕೆ ಅದೇ ವರ್ಷ ಬಂದ ಡ್ಯಾನ್ ಫೌಟ್ಸ್ ಮುಂದೆ ಆ ಆಟದ ಕೀರ್ತಿಮಂದಿರವನ್ನೇ ಸೇರಿದ. ಕಾಯುವ ಕಾಲ ಕಲಿಯುವ ಕಾಲವಾದರೆ ನಷ್ಟವಿಲ್ಲ.

ಆದುದರಿಂದ ನನ್ನ ತೀರ್ಪು ಇಷ್ಟು. ವಯಸ್ಸಾದ ಕ್ವಾರ್ಟರ್‌ಬ್ಯಾಕನ್ನು ತರುವ ತಂಡ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಉಳಿದೆಲ್ಲ ಸಿದ್ಧವಾಗಿ ಅವನೊಬ್ಬನ ಕೊರತೆಯೇ ಇದೆಯೆ? ಅವನಿಗಾಗಿ ನಾಳೆಯನ್ನು ಮಾರುತ್ತಿದ್ದೇವೆಯೆ? ಅವನು ಎದ್ದುಹೋದಾಗ ಕೂರಲು ಒಬ್ಬನು ತಯಾರಾಗುತ್ತಿರುವನೆ? ಮೂರಕ್ಕೂ ಸರಿಯಾದ ಉತ್ತರವಿದ್ದರೆ ಧಾರಾಳವಾಗಿ ಕರೆತರಲಿ. ಇಲ್ಲವಾದರೆ ಆ ಮಹಾನುಭಾವನನ್ನು ಅವನ ಹಳೆಯ ಊರಿನಲ್ಲಿಯೇ ಗೌರವದಿಂದಿರಲು ಬಿಡುವುದು ಒಳ್ಳೆಯದು. ತಾವು ಹೊರದ ಭಾರವನ್ನು ಹಿರಿಯನ ಹೆಗಲಿಗೇರಿಸಿ, ಅವನು ಕುಸಿದಾಗ ವಯಸ್ಸನ್ನು ದೂರುವುದು ನ್ಯಾಯವಲ್ಲ. ಮಿತ್ರರೆ, ಇನ್ನು ಕೆಲವೇ ತಿಂಗಳಲ್ಲಿ ನಾವೂ ಒಂದೊಂದು ತಂಡವನ್ನು ಸೇರುವವರು. ಅಲ್ಲಿ ಹಿರಿಯರು ಇದ್ದೇ ಇರುತ್ತಾರೆ. ಅವರ ಕುರ್ಚಿಯನ್ನು ಎಣಿಸುತ್ತ ಕೂರದೆ ಅವರ ಕಣ್ಣನ್ನು ಕಲಿತುಕೊಳ್ಳೋಣ.