ಹಳೆ ಸೆಂಟಿನ ಗಂಧ ಹುಡುಕುವವರು ಮರ ಎಲ್ಲಿ ಹೋಯಿತೆಂದೂ ಕೇಳಲಿ

ನಂತೂರು ಸರ್ಕಲಿನಲ್ಲಿ ವಾಹನಗಳ ಸಾಲು ನಿಲ್ಲದ ದಿನ ಇಲ್ಲ. ಉಡುಪಿ ಕಡೆಯ ಹೆದ್ದಾರಿ 66, ಮೂಡುಬಿದಿರೆ ಕಡೆಯ 169 ಎರಡೂ ಸೇರುವುದು ಅಲ್ಲಿಯೇ. ನಿಂತ ಕಾರುಗಳ ಒಳಗೆ ಕಣ್ಣು ಹಾಯಿಸಿ. ಕನ್ನಡಿಗೆ ಒಂದು ಪುಟ್ಟ ಬಾಟಲಿ ನೇತಾಡುತ್ತಿರುತ್ತದೆ, ಮೇಲೆ 'ಸ್ಯಾಂಡಲ್' ಎಂಬ ಚೀಟಿ. ಆ ಬೆಲೆಗೆ ಅದರಲ್ಲಿ ಅಸಲು ಗಂಧದೆಣ್ಣೆ ಇರಲು ಸಾಧ್ಯವೇ ಇಲ್ಲ. ಗಂಧದ ನಾಡಿನವರಾದ ನಮಗೆ ಅದು ಗೊತ್ತಾಗುವುದೂ ಇಲ್ಲ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಅಸಲು ಮೂಸಿ ನೋಡಿ ಕಾಲವಾಯಿತು.

ದೂರದ ಊರುಗಳಲ್ಲಿ ಮಾತ್ರ ಇದನ್ನು ಹುಡುಕುವವರಿದ್ದಾರೆ. ತಯಾರಿಕೆ ನಿಂತ, ಇಲ್ಲವೇ ಒಳಗಿನ ಮಿಶ್ರಣ ಬದಲಾದ ಹಳೆ ಸೆಂಟುಗಳ ಬಾಟಲಿಗಳನ್ನು ದೊಡ್ಡ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅವರು ಬಾಯಿ ಚಪ್ಪರಿಸಿ ಹೇಳುವ ಹೆಸರು 'ಮೈಸೂರು'. ಫ್ರಾನ್ಸಿನ ಗರ್ಲೇನ್ ಕಂಪನಿ 1989ರಲ್ಲಿ ತಂದ ಸೆಂಟಿನ ಹೆಸರೇ 'ಸಂಸಾರ'. ಮಲ್ಲಿಗೆ ಮತ್ತು ಗಂಧವೇ ಅದರ ಜೀವ. ಬಾಟಲಿ ಇವತ್ತೂ ಸಿಗುತ್ತದೆ. ಆದರೆ ಮೊದಲಿನ ಮಿಶ್ರಣವೇ ಬೇರೆ ಎಂದು ಹಳೆಯದನ್ನು ಹುಡುಕುವವರ ತಕರಾರು. ಶನೆಲ್ ಕಂಪನಿಯ 1926ರ ಗಂಧದ ಸೆಂಟಿಗೂ ಇಂಥದೇ ಅಭಿಮಾನಿಗಳಿದ್ದಾರೆ.

ಹುಡುಕಲಿ, ನಮ್ಮ ಅಡ್ಡಿ ಇಲ್ಲ. ನಮಗೆ ಸಿಟ್ಟು ಬರುವುದು ಆ ಕಥೆಯನ್ನು ಇಲ್ಲಿನ ಪತ್ರಿಕೆ, ವಿಡಿಯೊದವರು ತಂದು 'ಕಳೆದುಹೋದ ವೈಭವ' ಎಂದು ಕಣ್ಣೀರು ಹಾಕುವಾಗ. ಗಂಧ ತಾನಾಗಿ ಕಳೆದುಹೋದದ್ದಲ್ಲ ಮಾರಾಯ್ರೆ. ಕಾನೂನು ಮಾಡಿ ಕಳೆದದ್ದು.

ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷ ಎಂದು ಸಾರಿದ. ಆ ಕಾಲದಲ್ಲಿ ಘಟ್ಟದ ಗಂಧ ನಮ್ಮ ಮಂಗಳೂರು ಬಂದರಿನಿಂದಲೂ ಹಡಗು ಹತ್ತುತ್ತಿತ್ತು. ಮಸ್ಕತ್ತಿನಲ್ಲಿ ಅವನ ವ್ಯಾಪಾರದ ಕೋಠಿಯೇ ಇತ್ತು. ಟಿಪ್ಪು ಹೋದ, ಒಡೆಯರು ಬಂದರು, ಪ್ರಜಾಸರಕಾರವೂ ಬಂತು. ಮರ ಮಾತ್ರ ಸರಕಾರದ್ದಾಗಿಯೇ ಉಳಿಯಿತು. ನಿಮ್ಮ ಜಾಗದಲ್ಲಿ ಹಕ್ಕಿ ಹಾಕಿದ ಬೀಜದಿಂದ ಸಸಿ ಎದ್ದರೂ ಅದು ನಿಮ್ಮದಲ್ಲ. ಕಳ್ಳ ಕಡಿದುಕೊಂಡು ಹೋದರೆ ಮೊದಲು ಉತ್ತರ ಹೇಳಬೇಕಾದವರು ಮಾತ್ರ ನೀವು. ಇಂಥ ಸಸಿಯನ್ನು ಯಾವ ರೈತ ಬೆಳೆಸುತ್ತಾನೆ? ಮೊಳಕೆಯಲ್ಲೇ ಕಿತ್ತು ಬಿಸಾಡಿದ. ಬುದ್ಧಿ ಇದ್ದದ್ದರಿಂದಲೇ ಬಿಸಾಡಿದ.

ಕಾನೂನು ಬದಲಾದದ್ದು 2001ರಲ್ಲಿ. ಜಾಗದ ಮರ ಜಾಗದವನದ್ದು ಎಂದಾಯಿತು. ಆದರೆ ಮಾರಬೇಕಾದದ್ದು ಸರಕಾರಕ್ಕೆ, ಇಲ್ಲವೇ ಅದು ಹೇಳಿದವರಿಗೆ. ಮುಕ್ತ ಮಾರುಕಟ್ಟೆಯ ಮಾತು ಬಂದದ್ದು 2022ರ ಗಂಧದ ನೀತಿಯಲ್ಲಿ. ನಡುವಿನ ವರ್ಷಗಳಲ್ಲಿ ಆಸ್ಟ್ರೇಲಿಯಾದವರು ನಮ್ಮದೇ ಜಾತಿಯ ಗಂಧವನ್ನು ನೀರಾವರಿ ತೋಟ ಮಾಡಿ ಬೆಳೆಸಿದರು. ನಾವು ಎಲ್ಲ ತಪ್ಪನ್ನೂ ವೀರಪ್ಪನ್ ತಲೆಗೆ ಕಟ್ಟಿ ಕೈತೊಳೆದುಕೊಂಡೆವು. ಅವನು ಸತ್ತು 20 ವರ್ಷ ದಾಟಿತು, ಗಂಧ ಕಾಡಿಗೆ ತಿರುಗಿ ಬಂತೇ? ಕುಡಿಕಟ್ಟಿದಂತೆ ಎಲೆ ಸಣ್ಣದಾಗಿ ಮರ ಸಾಯುವ ಸ್ಪೈಕ್ ರೋಗ ಕೊಡಗಿನಲ್ಲಿ ಕಂಡದ್ದು 1899ರಲ್ಲಿ. ಅದಕ್ಕೂ ಇವತ್ತಿನವರೆಗೆ ಖಾತ್ರಿಯ ಮದ್ದಿಲ್ಲ.

ಒಂದು ಕಾಲದಲ್ಲಿ ಕೆಲಸ ಮಾಡಿದವರೂ ಇದ್ದರು ಎನ್ನಬೇಕು. ಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ವಿಶ್ವೇಶ್ವರಯ್ಯ ದಿವಾನರಾಗಿದ್ದ ಮೈಸೂರು ಸರಕಾರ ಅಳುತ್ತಾ ಕೂರಲಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರ ನೆರವಿನಿಂದ 1916ರಲ್ಲಿ ಇಲ್ಲಿಯೇ ಎಣ್ಣೆ ತೆಗೆಯಲು ಶುರುಮಾಡಿತು, 1918ರ ಹೊತ್ತಿಗೆ ಸಾಬೂನೂ ಬಂತು. ಈಗ ಆ ಸಾಬೂನಿನ ಬಗ್ಗೆ ನಾವು ಜಗಳ ಆಡಿದ್ದು ಯಾವುದಕ್ಕೆ? 2025ರ ಮೇ ತಿಂಗಳಲ್ಲಿ, ಜಾಹೀರಾತಿಗೆ 6.20 ಕೋಟಿ ಕೊಟ್ಟು ತಮನ್ನಾ ಅವರನ್ನು ಕರೆತಂದದ್ದಕ್ಕೆ. ಕನ್ನಡದ ನಟಿ ಬೇಕಿತ್ತು ಎಂದು ಕೂಗಿದವರಲ್ಲಿ ಸಾಬೂನಿನ ಗಂಧ ಯಾವ ಊರಿನದ್ದು ಎಂದು ಕೇಳಿದವರನ್ನು ನಾವು ಕಾಣಲಿಲ್ಲ. ಈಗಿನ ಹುಡುಗರಿಗೆ ಸ್ಯಾಂಡಲ್‌ವುಡ್ ಎಂದರೆ ಸಿನಿಮಾ, ಅದನ್ನೂ ಹೇಳಿಬಿಡಬೇಕು.

ಇಷ್ಟು ಹಳೆ ಕಥೆ ಈಗ ಯಾಕೆಂದರೆ, ಆ 'ವೈಭವ'ದ ಹೆಸರಿನಲ್ಲಿ ಹೊಸ ವ್ಯಾಪಾರ ಶುರುವಾಗಿದೆ. ಎಕರೆಗೆ ಇಷ್ಟು ಗಂಧದ ಸಸಿ, 15 ವರ್ಷಕ್ಕೆ ಕೋಟಿ ಎಂಬ ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು. ಹಳದಿ ರೋಗ, ಎಲೆಚುಕ್ಕಿಯಿಂದ ಅಡಿಕೆ ಕಳೆದುಕೊಂಡವರಿಗೆ ಇದು ಆಸೆ ಹುಟ್ಟಿಸುವ ಮಾತು. ಮೆಸೇಜಿನಲ್ಲಿ ಹೇಳದ್ದನ್ನು ನಾವು ಹೇಳುತ್ತೇವೆ. ಗಂಧಕ್ಕೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ, ನಮ್ಮಲ್ಲಿ ಮಳೆಗಾಲ ಹೇಗೆಂದು ನಿಮಗೆ ಗೊತ್ತುಂಟು. ಅದು ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಾಗಿಸಿ ಆಹಾರ ಎಳೆಯುವ ಮರ, ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಪರಿಮಳ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ವಾಸನೆ ಇಲ್ಲ. ಮರ ದಪ್ಪ ಕಂಡರೂ ಚೇಗು ಎಷ್ಟೆಂದು ಕಡಿದ ಮೇಲೆಯೇ ಲೆಕ್ಕ. ಚೇಗು ಬಲಿತ ದಿನದಿಂದ ಕಳ್ಳರ ಕಾವಲು ಬೇರೆ.

ಹಾಗೆಂದು ಯಾರೂ ನೆಡಬೇಡಿ ಎನ್ನುತ್ತಿಲ್ಲ. ನೀರು ನಿಲ್ಲದ ಇಳಿಜಾರಿನಲ್ಲಿ ಬೇಲಿ ಬದಿಗೆ ನಾಲ್ಕು ಸಸಿ ಹಾಕಿ ನೋಡುವುದು ಬೇರೆ, ಸಾಲ ತೆಗೆದು ಎಕರೆಗಟ್ಟಲೆ ನೆಡುವುದು ಬೇರೆ. ಸಸಿ ಮಾರಲು ಬಂದವರ ಹತ್ತಿರ ಎರಡು ಪ್ರಶ್ನೆ ಕೇಳಿ. ನಮ್ಮ ತಾಲೂಕಿನಲ್ಲಿ ನೀವು ನೆಡಿಸಿ, ಕಡಿದು, ಮಾರಿದ ಒಂದು ತೋಟ ತೋರಿಸುತ್ತೀರಾ? ಆ ರೈತನ ಕೈಗೆ ಬಂದ ದುಡ್ಡಿನ ರಶೀದಿ ಉಂಟಾ?

ಸರಕಾರದ ಹತ್ತಿರ ನಾವು ಕೇಳುವುದು ಇನ್ನೂ ಸಣ್ಣದು. 'ಮೈಸೂರು ಗಂಧದೆಣ್ಣೆ' ಎಂಬ ಹೆಸರಿನ ಭೌಗೋಳಿಕ ಗುರುತು ಸರಕಾರದ ಸಾಬೂನು ಕಂಪನಿಯ ಕೈಯಲ್ಲಿದೆ. ಈ ವರ್ಷ ಎಷ್ಟು ಕಿಲೋ ಗಂಧ ಯಾವ ಜಿಲ್ಲೆಯ ರೈತರಿಂದ ಯಾವ ದರಕ್ಕೆ ಕೊಂಡಿರಿ, ಹೊರಗಿನಿಂದ ತಂದದ್ದು ಇದ್ದರೆ ಎಷ್ಟು? ಪ್ರತಿ ವರ್ಷ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿ ಪಂಚಾಯತಿಯ ಗೋಡೆಗೆ ಅಂಟಿಸಿ.