ಸಂದರ್ಶನಕ್ಕೆ ಕಂಠಪಾಠ ಸಾಲದು



ಉಮ್ಮಚಗಿಯಂಥ ಊರುಗಳಿಂದ ಇಂಜಿನಿಯರಿಂಗ್ ಓದಲು ಹೊರಟ ನಮ್ಮ ಮಕ್ಕಳಲ್ಲಿ ಕೆಲವರು ಎಂಬೆಡೆಡ್ ಸಾಫ್ಟ್‌ವೇರ್ ಕ್ಷೇತ್ರದ ಉದ್ಯೋಗವನ್ನು ಬಯಸುತ್ತಾರೆ. ಯಂತ್ರದ ಒಳಗೇ ಅಡಗಿದ್ದು ಅದನ್ನು ನಡೆಸುವ ತಂತ್ರಾಂಶವಿದು. ಕಾರಿನ ಬ್ರೇಕಿನಲ್ಲಿ, ಮನೆಯ ವಿದ್ಯುತ್ ಮೀಟರಿನಲ್ಲಿ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರದಲ್ಲಿ ಅದು ಇದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ನಂತರದ ದಶಕಗಳಲ್ಲಿ ಚಿಪ್ಪು ಹಾಗೂ ಎಂಬೆಡೆಡ್ ಕೆಲಸಗಳು ಆ ನಗರದಲ್ಲಿ ನೆಲೆಯೂರಿವೆ.

ಆದರೆ ಸಂದರ್ಶನದ ಸಿದ್ಧತೆಯೆಂದರೆ ನೂರು ಪ್ರಶ್ನೆಗಳಿಗೆ ನೂರು ಉತ್ತರಗಳನ್ನು ಬಾಯಿಪಾಠ ಮಾಡುವುದೆಂಬ ಭಾವನೆ ಬೆಳೆದಿದೆ. ಇದು ಸರಿಯಾದ ದಾರಿಯಲ್ಲವೆಂಬುದು ನನ್ನ ಅಭಿಪ್ರಾಯ. ಮೊದಲನೆಯ ಪ್ರಶ್ನೆಗೆ ಕಂಠಪಾಠ ಒದಗೀತು, ‘ಏಕೆ?’ ಎಂಬ ಎರಡನೆಯ ಪ್ರಶ್ನೆಗೆ ಅದು ಮೌನವಾಗುತ್ತದೆ.

ನಮ್ಮ ಅಡಿಕೆ ತೋಟದ ಪಂಪ್‌ಸೆಟ್ಟನ್ನೇ ನೋಡೋಣ. ಟ್ಯಾಂಕು ತುಂಬಿದೊಡನೆ ಮೋಟಾರು ನಿಲ್ಲಬೇಕು. ಫ್ಲೋಟ್ ಸ್ವಿಚ್ಚು ಒತ್ತಿದಾಗ ಒಂದು ಇಂಟರಪ್ಟ್ ಹುಟ್ಟಿ, ‘ತುಂಬಿತು’ ಎಂಬ ಗುರುತನ್ನು ನೆನಪುಕೋಶದಲ್ಲಿ ಬರೆಯುತ್ತದೆ. ಮುಖ್ಯ ಪ್ರೋಗ್ರಾಮು ಆ ಗುರುತಿಗಾಗಿ ಕಾಯುತ್ತಿರುತ್ತದೆ. ಸಿ ಭಾಷೆಯಲ್ಲಿ ಆ ಚರಾಂಶವನ್ನು ‘ವೊಲಟೈಲ್’ ಎಂದು ಘೋಷಿಸದಿದ್ದರೆ, ಅದು ಹೊರಗಿನಿಂದ ಬದಲಾಗದೆಂದು ಕಂಪೈಲರು ಭಾವಿಸಿ, ಒಮ್ಮೆ ಓದಿದ ಹಳೆಯ ಬೆಲೆಯನ್ನೇ ನಂಬಿ ಕುಳಿತೀತು. ಆಗ ಟ್ಯಾಂಕು ತುಂಬಿ ಹರಿದರೂ ಮೋಟಾರು ನಿಲ್ಲದು. ಇದನ್ನು ಕಣ್ಣಾರೆ ಕಂಡವನಿಗೆ ವೊಲಟೈಲಿನ ವ್ಯಾಖ್ಯೆಯನ್ನು ಉರುಹೊಡೆಯುವ ಅಗತ್ಯವಿಲ್ಲ.

ಅದೇ ಪಂಪು ಉಳಿದ ಪಾಠಗಳನ್ನೂ ಹೇಳುತ್ತದೆ. ಸ್ವಿಚ್ಚಿನ ಲೋಹಗಳು ಕೂಡುವಾಗ ಕೆಲವು ಮಿಲಿಸೆಕೆಂಡು ಅದುರುವುದರಿಂದ ಒಂದು ಒತ್ತು ಹಲವು ಒತ್ತುಗಳಾಗಿ ಕಾಣುತ್ತದೆ. 16 ಬಿಟ್‌ಗಳ ಮಿಲಿಸೆಕೆಂಡು ಎಣಿಕೆ ಸುಮಾರು 65.5 ಸೆಕೆಂಡಿಗೇ ತುಂಬಿ ಮತ್ತೆ ಸೊನ್ನೆಗೆ ಮರಳುತ್ತದೆ. ಮಳೆಗಾಲದ ವಿದ್ಯುತ್ ಏರಿಳಿತದಲ್ಲಿ ಪ್ರೋಗ್ರಾಮು ಸಿಕ್ಕಿಕೊಂಡರೆ ಅದನ್ನು ಮರಳಿ ಎಬ್ಬಿಸಲು ವಾಚ್‌ಡಾಗ್ ಟೈಮರು ಬೇಕು. ಆದುದರಿಂದ ಸಂದರ್ಶನಕ್ಕೆ ಹೋಗುವ ಮುನ್ನ ಇಂಥದೊಂದು ಸಣ್ಣ ಸಾಧನವನ್ನು ಸ್ವತಃ ಕಟ್ಟಬೇಕು. ಮೋಟಾರಿನ ಬದಲು ಒಂದು ಎಲ್‌ಇಡಿ ಬೆಳಗಿದರೂ ಸಾಕು.

ದೊಡ್ಡವರ ಕೆಲಸದಲ್ಲಿಯೂ ಇದೇ ಕ್ರಮ. 1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಗಣಕ ಮತ್ತೆ ಮತ್ತೆ ತಾನಾಗಿ ಮರುಪ್ರಾರಂಭವಾಗುತ್ತಿತ್ತು. ಕೆಳ ಆದ್ಯತೆಯ ಕೆಲಸವೊಂದು ಹಿಡಿದಿದ್ದ ಬೀಗಕ್ಕಾಗಿ ಮೇಲಿನ ಆದ್ಯತೆಯ ಕೆಲಸ ಕಾಯುತ್ತಿರಲು, ನಡುವಿನದು ಅಡ್ಡ ಬರುತ್ತಿತ್ತು. ಇಂಜಿನಿಯರುಗಳು ಅದೇ ದೋಷವನ್ನು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಮರುಕಳಿಸುವಂತೆ ಮಾಡಿ, ಕಾರಣವನ್ನು ಕಂಡು, ಇಲ್ಲಿಂದಲೇ ಸರಿಪಡಿಸಿದರು.

ಇನ್ನು ಇಂಗ್ಲಿಷಿನ ಭಯ. ಕನ್ನಡ ಮಾಧ್ಯಮದಲ್ಲಿ ಓದಿದವರು ವಿಷಯ ತಿಳಿದಿದ್ದೂ ತಡವರಿಸುತ್ತಾರೆ. ಮೊದಲು ತಾಯಿಗೋ ತಂಗಿಗೋ ಕನ್ನಡದಲ್ಲಿಯೇ ಆ ಸಾಧನವನ್ನು ವಿವರಿಸಿ ನೋಡಲಿ. ಅವರಿಗೆ ತಿಳಿಯಿತೆಂದರೆ ತನಗೂ ತಿಳಿದಿದೆಯೆಂದರ್ಥ. ಬಳಿಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತರುವ ಅಭ್ಯಾಸ ಮಾಡಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಹೇಗೆ ಹುಡುಕುವೆನೆಂಬುದನ್ನು ತಿಳಿಸುವುದು ಅವಮಾನವಲ್ಲ.

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನಿಸುವ ಪ್ರಸಂಗ ತಮಗೆಲ್ಲ ತಿಳಿದಿದೆ. ಪ್ರಶ್ನೆಗಳು ಕಠಿಣವಾಗಿದ್ದವು; ಅಕ್ಕನ ಉತ್ತರಗಳು ಅವಳ ಅನುಭಾವದಿಂದಲೇ ಬಂದವು. ಲೌಕಿಕ ಸಂದರ್ಶನ ಆ ಎತ್ತರದ್ದಲ್ಲ, ನಿಜ. ಆದರೂ ತಾನು ಮಾಡಿದ್ದನ್ನು ನುಡಿಯುವವನಿಗೆ ಅಂಜಿಕೆ ಕಡಿಮೆಯೆಂಬುದು ಎರಡು ಕಡೆಯೂ ಸಲ್ಲುವ ಮಾತು.

ತಂದೆತಾಯಿಗಳಲ್ಲಿ ಒಂದು ವಿನಂತಿ. ಬಿಡಿಭಾಗಗಳನ್ನು ಹರಡಿಕೊಂಡು ಕುಳಿತ ಮಗನನ್ನೋ ಮಗಳನ್ನೋ ಸಮಯ ಹಾಳುಮಾಡುತ್ತಿರುವರೆಂದು ಗದರಿಸಬೇಡಿ. ಅವರ ನಿಜವಾದ ಓದು ಅಲ್ಲಿಯೇ ನಡೆದಿರುತ್ತದೆ.