ಬೀಗ ಕೊಡಿ, ಬೀಗದ ಕೈ ಕೊಡಬೇಡಿ

ಕಳೆದ ಭಾನುವಾರ ಸಂಜೆ ಯಾದವಗಿರಿಯ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಕಾಫಿಯ ಲೋಟ ಕೈಗೆ ಬರುವ ಮೊದಲೇ ಒಳಕೋಣೆಯಿಂದ ಅವಳ ಮಗನ ಮಾತು ಕಿವಿಗೆ ಬಿತ್ತು: "ಇರು ಮಾರಾಯ, ನನ್ನ ಬೀಗದ ಕೈಯನ್ನೇ ಇ-ಮೇಲಿನಲ್ಲಿ ಕಳುಹಿಸಿಬಿಡುತ್ತೇನೆ."

ಆತನು ಸಣ್ಣದೊಂದು ಆಸ್ಪತ್ರೆಯ ರೋಗಿಗಳ ವಿವರಗಳಿರುವ ಸರ್ವರ್ ಯಂತ್ರವನ್ನು ನೋಡಿಕೊಳ್ಳುವವನು. ಯಂತ್ರವಿರುವುದು ಮುಂಬಯಿಯಲ್ಲಿ, ಇವನಿರುವುದು ಯಾದವಗಿರಿಯ ಮಹಡಿಯ ಮೇಲೆ. ಮಾರನೆಯ ದಿನ ಮದುವೆಗೆ ಹೊರಡಬೇಕಾಗಿದ್ದುದರಿಂದ ಹುಬ್ಬಳ್ಳಿಯ ಗೆಳೆಯನಿಗೆ ಕೆಲಸವನ್ನೊಪ್ಪಿಸುವ ಆತುರ.

"ಸ್ವಲ್ಪ ತಾಳಪ್ಪ" ಎಂದು ತಡೆದೆ.

ಓದುಗರಲ್ಲಿ ಅನೇಕರ ಮನೆಯಲ್ಲಿ ಇಂದು ಇಂತಹ ಮಕ್ಕಳಿರುವರಷ್ಟೆ. ಆದುದರಿಂದ ವಿಷಯವನ್ನು ತುಸು ಬಿಡಿಸಿ ಹೇಳುವುದು ಲೇಸು. ದೂರದ ಯಂತ್ರವನ್ನು ಪ್ರವೇಶಿಸಲು ಎಸ್‌ಎಸ್‌ಎಚ್ ಎಂಬ ವಿಧಾನವುಂಟು. ತಮ್ಮ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದ ಬಳಿಕ, 1995ರಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್ ಎಂಬವರು ಅದನ್ನು ರಚಿಸಿದರು. ಅದರಲ್ಲಿಯೂ ಪಾಸ್‌ವರ್ಡನ್ನು ಬಳಸಬಹುದು. ಆದರೆ ಹಗಲಿರುಳೂ ಪಾಸ್‌ವರ್ಡುಗಳನ್ನು ಊಹಿಸುತ್ತಲೇ ಇರುವ ಯಂತ್ರಗಳು ಲೋಕದಲ್ಲಿವೆ. ಆದುದರಿಂದ ಬಲ್ಲವರು ಕೀಲಿಜೋಡಿಯನ್ನು ನೆಚ್ಚುವರು. 'ಎಸ್‌ಎಸ್‌ಎಚ್-ಕೀಜೆನ್' ಎಂದು ಆಜ್ಞೆಯಿತ್ತರೆ ಎರಡು ಕಡತಗಳು ಹುಟ್ಟುತ್ತವೆ. ಹೆಸರಿನ ತುದಿಯಲ್ಲಿ 'ಪಬ್' ಎಂಬ ಬಾಲವಿರುವುದು ಬೀಗ. ಅದನ್ನು ಎಷ್ಟು ಬಾಗಿಲುಗಳಿಗಾದರೂ ಹಾಕಬಹುದು, ಊರೆಲ್ಲ ಕಂಡರೂ ಬಾಧಕವಿಲ್ಲ. ಬಾಲವಿಲ್ಲದ್ದು ಬೀಗದ ಕೈ. ಪ್ರವೇಶದ ವೇಳೆಯಲ್ಲಿ ಅದು ನಮ್ಮ ಯಂತ್ರದಲ್ಲಿಯೇ ಇದ್ದುಕೊಂಡು ಸಹಿಯೊಂದನ್ನು ಹಾಕಿಕೊಡುತ್ತದೆ. ಸರ್ವರ್ ಆ ಸಹಿಯನ್ನು ಬೀಗದೊಡನೆ ತಾಳೆ ನೋಡಿ ಬಾಗಿಲು ತೆರೆಯುತ್ತದೆ. ಗುಟ್ಟು ಮನೆಯ ಹೊಸಿಲನ್ನು ದಾಟುವುದೇ ಇಲ್ಲ. ಈ ಏರ್ಪಾಡಿನ ಜೀವಾಳವೇ ಅದು.

ನಮ್ಮ ಹುಡುಗನು ದಾಟಿಸಹೊರಟಿದ್ದುದು ಆ ಗುಟ್ಟನ್ನೇ!

ಮಾಡಬೇಕಾದುದು ಬಹು ಸುಲಭ. ಗೆಳೆಯನು ತನ್ನದೇ ಜೋಡಿಯನ್ನು ಮಾಡಿಕೊಂಡು 'ಪಬ್' ಕಡತವನ್ನಷ್ಟೇ ಕಳುಹಿಸಲಿ. ಅದು ಅವನದೇ ಹೌದೆಂದು ದೂರವಾಣಿಯಲ್ಲಿ ಖಚಿತಪಡಿಸಿಕೊಂಡು, ಸರ್ವರಿನ 'ಆಥರೈಸ್ಡ್ ಕೀಸ್' ಎಂಬ ಕಡತದಲ್ಲಿ ಒಂದು ಸಾಲಾಗಿ ಸೇರಿಸಿದರಾಯಿತು. ಮದುವೆ ಮುಗಿಸಿ ಬಂದೊಡನೆ ಆ ಸಾಲನ್ನು ಅಳಿಸಿಬಿಡಬಹುದು. ತನ್ನ ಬೀಗದ ಕೈಗಾದರೋ ಗುಪ್ತವಾಕ್ಯವೊಂದರ ಕಾವಲಿರಬೇಕು. ಲ್ಯಾಪ್‌ಟಾಪ್ ಕಳುವಾದರೂ ಕಳ್ಳನ ಕೈಗೆ ಸುಲಭವಾಗಿ ದಕ್ಕದು. ಪಾಸ್‌ವರ್ಡಿನ ಹಳೆಯ ಬಾಗಿಲನ್ನು ಮುಚ್ಚುವುದು ಒಳ್ಳೆಯದೇ. ಆದರೆ ಇರುವ ಸಂಪರ್ಕವನ್ನು ಕಡಿಯದೆ, ಹೊಸ ಬಾಗಿಲಿನಿಂದ ಒಮ್ಮೆ ಒಳಹೊಕ್ಕು ನೋಡಿದ ಮೇಲೆಯೇ ಮುಚ್ಚಬೇಕು. ಇಲ್ಲವಾದರೆ ಯಜಮಾನನೇ ಬೀದಿಯಲ್ಲಿ ನಿಲ್ಲಬೇಕಾದೀತು.

ಅಡುಗೆಮನೆಯಿಂದ ಅಕ್ಕ ಕೇಳಿದಳು: "ಊರಿಗೆ ಹೊರಟಾಗ ನಾವು ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವುದಿಲ್ಲವೆ?"

"ಕೊಡುತ್ತೇವೆ ಅಕ್ಕ. ಆದರೆ ಆ ಮನೆ ನಮ್ಮದು. ಇದು ಯಾರಾರೋ ಕಾಯಿಲೆಯವರ ಗುಟ್ಟು."

ಹುಡುಗನು ಮರುಮಾತಾಡದೆ, ಕಳುಹಿಸದೆ ಉಳಿದಿದ್ದ ಆ ಪತ್ರವನ್ನು ಅಳಿಸಿದ. ಹುಬ್ಬಳ್ಳಿಯ ಬೀಗ ಬರುವಷ್ಟರಲ್ಲಿ ನಮ್ಮ ಕಾಫಿಯೂ ಮುಗಿದಿತ್ತು.